ಗಾಳಿ ಸೋಸುವ ಟೊಳ್ಳು ಎಳೆಗಳು

ನಮ್ಮ ಸಂಘದ ಕಾಫಿ ಪುಡಿ ಘಟಕಕ್ಕೆ ಸಾರಜನಕದ ಯಂತ್ರ ಕೊಳ್ಳಬೇಕೋ, ಈಗಿನಂತೆ ಸಿಲಿಂಡರುಗಳನ್ನೇ ತರಿಸುತ್ತಿರಬೇಕೋ ಎಂಬ ಪ್ರಶ್ನೆ ಮುಂದಿನ ಸರ್ವ ಸದಸ್ಯರ ಸಭೆಗೆ ಬರಲಿದೆ. ಆಡಳಿತ ಮಂಡಲಿಯಲ್ಲಿ ಎರಡು ಅಭಿಪ್ರಾಯಗಳಿವೆ. ಕೈ ಎತ್ತುವ ಮೊದಲು ಸದಸ್ಯ ಬಾಂಧವರಿಗೆ ಆ ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ತಿಳಿದಿರಲಿ ಎಂದು ಈ ಲೇಖನ.

ಹುರಿದ ಕಾಫಿಗೆ ಆಮ್ಲಜನಕವೇ ಶತ್ರು. ಪುಡಿ ಮಾಡಿದ ಮೇಲಂತೂ ಪರಿಮಳ ಬೇಗ ಕೆಡುತ್ತದೆ. ಅದಕ್ಕಾಗಿಯೇ ಪೊಟ್ಟಣದೊಳಗಿನ ಗಾಳಿಯನ್ನು ಹೊರದಬ್ಬಿ ಸಾರಜನಕ ತುಂಬುವುದು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಭಾಗ ಸಾರಜನಕವೇ; ಶೇಕಡ 21ರಷ್ಟಿರುವ ಆಮ್ಲಜನಕವನ್ನು ತೆಗೆದರಾಯಿತು. ತೋಟದ ತುಂಬ ಇರುವ ವಸ್ತುವನ್ನು ಪೇಟೆಯಿಂದ ಲಾರಿಯಲ್ಲಿ ತರಿಸುತ್ತೀರಲ್ಲಾ ಎಂದು ಹಿರಿಯ ಸದಸ್ಯರೊಬ್ಬರು ಹಾಸ್ಯ ಮಾಡಿದ್ದರು. ಅದು ಬರೀ ಹಾಸ್ಯವಲ್ಲ.

ತೆಗೆಯುವ ಕೆಲಸ ಮಾಡುವುದು ಪಾಲಿಮರಿನಿಂದ ನೂತ ಟೊಳ್ಳು ಎಳೆಗಳು. ಒಂದೊಂದೂ ಶಾವಿಗೆಗಿಂತ ಸಣ್ಣ, ನಡುವೆ ಕೊಳವೆಯಂತೆ ಖಾಲಿ. ಸಾವಿರಾರು ಎಳೆಗಳನ್ನು ಸೌದೆ ಹೊರೆಯಂತೆ ಒತ್ತೊತ್ತಾಗಿ ಲೋಹದ ಕೊಳವೆಯಲ್ಲಿ ಕೂರಿಸಿರುತ್ತಾರೆ. ಕಂಪ್ರೆಸರಿನ ಗಾಳಿ ಎಳೆಗಳ ಒಳಗೆ ಹರಿಯುವಾಗ ಆಮ್ಲಜನಕವೂ ನೀರಾವಿಯೂ ಗೋಡೆ ದಾಟಿ ಬೇಗ ಹೊರಬೀಳುತ್ತವೆ. ಸಾರಜನಕ ನಿಧಾನಿ, ಅದರ ಹೆಚ್ಚಿನ ಪಾಲು ಇನ್ನೊಂದು ತುದಿ ತಲಪುತ್ತದೆ. ಇದನ್ನು ಜರಡಿಯೆಂದು ತಿಳಿಯಬಾರದು. ಅನಿಲವು ಪೊರೆಯಲ್ಲಿ ಕರಗಿ, ಒಳಗೇ ನುಸುಳಿ, ಆಚೆ ಬದಿಗೆ ಬರುತ್ತದೆ.

ಸಂಗತಿ ಹೊಸದೇನಲ್ಲ. 1831ರಲ್ಲಿ ಅಮೆರಿಕದ ಮಿಚೆಲ್ ಎಂಬ ವೈದ್ಯರು ರಬ್ಬರಿನ ಬಲೂನುಗಳಿಂದ ಬೇರೆ ಬೇರೆ ಅನಿಲಗಳು ಬೇರೆ ಬೇರೆ ವೇಗದಲ್ಲಿ ಸೋರುವುದನ್ನು ಕಂಡರು. 1866ರಲ್ಲಿ ಥಾಮಸ್ ಗ್ರಹಾಂ ರಬ್ಬರ್ ಪೊರೆಯ ಮೂಲಕ ಗಾಳಿ ಹಾಯಿಸಿ ಆಮ್ಲಜನಕವನ್ನು ಸುಮಾರು ಶೇಕಡ 41ಕ್ಕೆ ಏರಿಸಿದರು. ಆದರೆ ಪೊರೆ ದಪ್ಪವಾದರೆ ಅನಿಲ ದಾಟುವುದು ತೀರ ನಿಧಾನ, ತೆಳುವಾದರೆ ತೂತು. ಮಾನ್ಸಾಂಟೊ ಕಂಪನಿಯ ಹೆನಿಸ್ ಮತ್ತು ಟ್ರಿಪೋಡಿ ಇದಕ್ಕೆ ಕಂಡುಕೊಂಡ ಉಪಾಯ ನಮಗೆ ಅಪರಿಚಿತವಲ್ಲ: ಸೋರುವ ಮಾಡಿಗೆ ಡಾಂಬರು ಬಳಿದಂತೆ, ಪಾಲಿಸಲ್ಫೋನ್ ಎಳೆಗೆ ಸಿಲಿಕೋನ್ ರಬ್ಬರಿನ ತೆಳು ಲೇಪ ಕೊಟ್ಟು ತೂತು ಮುಚ್ಚಿದರು! 1980ರ ಸುಮಾರಿಗೆ ಅದು 'ಪ್ರಿಸಂ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಮೊದಲ ಕೆಲಸಗಳಲ್ಲೊಂದು ಅಮೋನಿಯ ಕಾರ್ಖಾನೆಗಳಲ್ಲಿ ಪೋಲಾಗುತ್ತಿದ್ದ ಜಲಜನಕವನ್ನು ಮರಳಿ ಹಿಡಿಯುವುದು. ನಮ್ಮ ಯೂರಿಯಾದ ತವರೂ ಅಮೋನಿಯವೇ.

ಗೋಬರ್ ಗ್ಯಾಸಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನೂ ಇಂಥ ಎಳೆಗಳಿಂದ ಬೇರ್ಪಡಿಸುತ್ತಾರೆ. ಆದರೆ ನಾಲ್ಕು ದನ ಕಟ್ಟಿದವರು ಆ ಆಸೆ ಬಿಡುವುದು ಲೇಸು. ಕಂಪ್ರೆಸರಿನ ಖರ್ಚೇ ಮೇಲಾದೀತು.

ಈಗ ನಮ್ಮ ಲೆಕ್ಕ. ಒಂದೇ ಯಂತ್ರದಲ್ಲಿ ಶೇಕಡ 95ರ ಸಾರಜನಕ ಧಾರಾಳವಾಗಿ ಸಿಗುತ್ತದೆ. 99 ಬೇಕೆಂದರೆ ಹರಿವನ್ನು ತಗ್ಗಿಸಬೇಕು, ಅಷ್ಟೇ ಸರಕಿಗೆ ಹೆಚ್ಚು ಗಾಳಿ ಒತ್ತಬೇಕು, ಕರೆಂಟು ಬಿಲ್ಲೂ ಏರುತ್ತದೆ. ಪೊಟ್ಟಣದಲ್ಲಿ ಶೇಕಡ 5 ಆಮ್ಲಜನಕ ಉಳಿದರೆ ಪುಡಿಗೆ ಅದೇ ಸಾಕಷ್ಟು ಕೆಡುಕು. ಆದ್ದರಿಂದ ದರಪತ್ರದಲ್ಲಿ ಗಂಟೆಗೆ ಎಷ್ಟು ಎಂಬುದನ್ನು ಮಾತ್ರ ನೋಡದೆ, ಯಾವ ಶುದ್ಧತೆಯಲ್ಲಿ ಅಷ್ಟು ಎಂದು ಕೇಳಬೇಕು. ಎಳೆಗಳಿಗೆ ಕಂಪ್ರೆಸರಿನ ಎಣ್ಣೆ ತಗಲಿದರೆ ಅವು ಹಾಳು. ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವ ಒಬ್ಬ ಮನುಷ್ಯ ಬೇಕು, ನಮ್ಮಲ್ಲಿ ಕೊರತೆ ಅದರದ್ದೇ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರು ನಮ್ಮದು. ಯಂತ್ರ ಬಂದರೂ ನಾಲ್ಕು ಸಿಲಿಂಡರು ಇಟ್ಟುಕೊಳ್ಳಲೇಬೇಕೆಂಬುದು ನನ್ನ ಅಭಿಪ್ರಾಯ. ಮೂರು ವರ್ಷಗಳ ಸಿಲಿಂಡರ್ ಬಿಲ್ಲುಗಳೂ ಬಂದಿರುವ ದರಪತ್ರಗಳೂ ಕಚೇರಿಯಲ್ಲಿವೆ. ಸಭೆಗೆ ಮೊದಲು ಸದಸ್ಯರು ಯಾವ ದಿನವಾದರೂ ಬಂದು ನೋಡಬಹುದು.