ಗಿಣ್ಣುಹಾಲಿನ ಹಳದಿ

ಹಸು ಕರು ಹಾಕಿದ ಮನೆಯಿಂದ ಒಂದು ಚೊಂಬು ಗಿಣ್ಣುಹಾಲು ಬಂದಿತೆಂದರೆ ಪಟ್ಟಣದ ಮನೆಗಳಲ್ಲಿ ಈಗಲೂ ಸಂಭ್ರಮವೇ. ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿದ ಗಿಣ್ಣಿನ ರುಚಿಯನ್ನು ಬಲ್ಲವರೇ ಬಲ್ಲರು. ಆದರೆ ಅದಕ್ಕೆ ಆ ಹಳದಿ ಬಣ್ಣ ಎಲ್ಲಿಂದ ಬಂದಿತು? ಹಸಿರು ಹುಲ್ಲಿನಿಂದ! ಹುಲ್ಲಿನಲ್ಲಿರುವ ಕೆರೋಟಿನ್ ಎಂಬ ವರ್ಣದ್ರವ್ಯವು ಹಸುವಿನ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ. ಮಾರ್ಪಡದೆ ಉಳಿದುದು ಹಾಲಿಗೆ ಬಣ್ಣ ಕೊಡುತ್ತದೆ. ಎಮ್ಮೆಯಾದರೋ ಬಹುಮಟ್ಟಿಗೆ ಎಲ್ಲವನ್ನೂ ಮಾರ್ಪಡಿಸಿಬಿಡುವುದರಿಂದ ಅದರ ಹಾಲು ಅಚ್ಚ ಬಿಳಿ.

ಈ ವಸ್ತುವಿಗೆ ಹೆಸರೇ ಇಲ್ಲದಿದ್ದ ಕಾಲವೊಂದಿತ್ತು. ಸಾರಜನಕ ಪದಾರ್ಥ, ಪಿಷ್ಟ, ಕೊಬ್ಬು ಇವುಗಳ ಲೆಕ್ಕ ಸರಿಹೋದರೆ ಯಾವ ಮೇವಾದರೂ ಒಂದೇ ಎಂದು ಪಂಡಿತರು ನಂಬಿದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞರಿಗೆ ಮಾತ್ರ ಈ ಲೆಕ್ಕದಲ್ಲಿ ನಂಬಿಕೆಯಿರಲಿಲ್ಲ. 1907ರಲ್ಲಿ ಅಲ್ಲಿ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಬರಿಯ ಮುಸುಕಿನ ಜೋಳದ ಕಾಳು ಮತ್ತು ದಂಟು, ಇನ್ನೊಂದಕ್ಕೆ ಬರಿಯ ಗೋಧಿ, ಮತ್ತೊಂದಕ್ಕೆ ಓಟ್ಸ್, ನಾಲ್ಕನೆಯದಕ್ಕೆ ಮೂರರ ಮಿಶ್ರಣ ಹಾಕಿದರು. ಕಾಗದದ ಮೇಲೆ ನಾಲ್ಕೂ ಸಮಾನ. ಕೊಟ್ಟಿಗೆಯಲ್ಲಿ ಕಂಡುದೇ ಬೇರೆ. ಜೋಳ ತಿಂದವುಗಳ ಮೈ ಮಿರುಗಿತು; ಗಟ್ಟಿಮುಟ್ಟಾದ ಕರುಗಳು ಹುಟ್ಟಿ ಬದುಕಿದುವು. ಗೋಧಿ ತಿಂದವುಗಳ ರೋಮ ಒರಟಾಗಿ, ಮೈ ಸೊರಗಿ, ಕುರುಡೂ ಕಾಣಿಸಿಕೊಂಡಿತು. ಅವು ದಿನ ತುಂಬುವ ಮೊದಲೇ ಹಾಕಿದ ಕರುಗಳು ಉಳಿಯಲಿಲ್ಲ. ಪಾಪ, ಗೋಧಿಯೇನೂ ವಿಷವಲ್ಲ. ಆ ಮೇವಿನಲ್ಲಿ ಇರಬೇಕಾದುದು ಇರಲಿಲ್ಲ, ಅಷ್ಟೆ. ಅದೇ ತಂಡದಲ್ಲಿದ್ದ ಮೆಕಾಲಮ್ ಅವರು ಮಾರ್ಗರೀಟ್ ಡೇವಿಸ್ ಅವರೊಡನೆ ಇಲಿಗಳ ಮೇಲೆ ಪ್ರಯೋಗ ನಡೆಸಿ, ಬೆಣ್ಣೆಯ ಕೊಬ್ಬಿನಲ್ಲಿ ಅಡಗಿದ್ದ ಆ ವಸ್ತುವಿನ ಸುಳಿವನ್ನು 1913ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ‘ಎ’ ಜೀವಸತ್ವ.

ಮೂಗು, ಶ್ವಾಸನಾಳ, ಕರುಳು, ಕೆಚ್ಚಲು ಇವುಗಳ ಒಳಪೊರೆಯನ್ನು ಕಾಯುವುದು ಇದರ ಕೆಲಸ. ಪೊರೆ ಸಡಿಲವಾದರೆ ರೋಗಾಣುವಿಗೆ ಬಾಗಿಲು ತೆರೆದಂತೆಯೇ ಸರಿ. ಬಾಗಿಲು ದಾಟಿ ಒಳಹೊಕ್ಕವುಗಳನ್ನು ನುಂಗುವ ಬಿಳಿ ರಕ್ತಕಣಗಳಿಗೆ ಬೆಂಬಲ ನೀಡುವುದು ‘ಇ’ ಜೀವಸತ್ವ. ಹಸು ಈಯುವ ದಿನಗಳಲ್ಲಿಯೇ ರಕ್ತದಲ್ಲಿ ಇದರ ಪ್ರಮಾಣ ಕುಸಿಯುತ್ತದೆ. ಕೆಚ್ಚಲು ಬಾವು ಹೆಚ್ಚಾಗಿ ಕಾಡುವುದೂ ಆಗಲೇ. ಅಮೆರಿಕದ ಓಹಿಯೋದಲ್ಲಿ ಹಾಲು ಬತ್ತಿದ ಕಾಲದಲ್ಲಿ ಹಸುಗಳಿಗೆ ‘ಇ’ ಜೀವಸತ್ವ ಕೊಟ್ಟು ನೋಡಿದಾಗ ಕೆಚ್ಚಲು ಬಾವು ಶೇಕಡಾ 37ರಷ್ಟು ಕಡಿಮೆಯಾಯಿತೆಂದು 1984ರಲ್ಲಿ ಪ್ರಕಟವಾಯಿತು.

‘ಬಿ’ ಗುಂಪಿನ ಜೀವಸತ್ವಗಳನ್ನು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸಿಕೊಡುತ್ತವೆ. ‘ಎ’ ಮತ್ತು ‘ಇ’ ಮಾತ್ರ ಹೊರಗಿನಿಂದಲೇ ಬರಬೇಕು. ಹಸಿರು ಮೇಯುವ ಹಸುವಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಬಿಸಿಲಿಗೆ ಒಣಗಿ ಬಣವೆಯಲ್ಲಿ ತಿಂಗಳುಗಟ್ಟಲೆ ಕುಳಿತ ರಾಗಿಹುಲ್ಲಿನಲ್ಲಿಯೇ ಬೇಸಿಗೆ ಕಳೆಯುವ ತುಂಬುಗಬ್ಬದ ಹಸುವಿನ ಪಾಡು ಬೇರೆ. ಅಂತಹ ಹಸುವಿಗೆ ಹಿಂಡಿಯೊಡನೆ ಜೀವಸತ್ವದ ಪುಡಿ ಬೆರೆಸುವುದುಂಟು. ಒಣಮೇವಿನ ಮೇಲಿರುವ ಬತ್ತಿದ ಹಸುವಿಗೆ ದಿನಕ್ಕೆ ಸುಮಾರು 1,000 ಅಂತರರಾಷ್ಟ್ರೀಯ ಮಾನದಷ್ಟು ‘ಇ’ ಬೇಕೆಂದು ಅಮೆರಿಕದ ತಜ್ಞರು 2001ರಲ್ಲಿ ಸೂಚಿಸಿದರು. ಇದು ದೊಡ್ಡ ವಿದೇಶೀ ತಳಿಗಳ ಲೆಕ್ಕ. ಇಲ್ಲಿನ ಹಸುವಿಗೆಷ್ಟೆಂಬುದನ್ನು ಪಶುವೈದ್ಯರು ಹೇಳಬೇಕು. ‘ಎ’ ಯಕೃತ್ತಿನಲ್ಲಿ ಸಂಗ್ರಹವಾಗುವುದರಿಂದ ಮಿತಿಮೀರಿದರೆ ಕೇಡೂ ಉಂಟು.

ತಾಯಿಯ ಈ ಸಂಪತ್ತು ಗರ್ಭದಲ್ಲಿರುವ ಕರುವಿಗೆ ತಲುಪುವುದು ಅತ್ಯಲ್ಪ. ರೋಗ ತಡೆಯುವ ಪ್ರತಿಕಾಯಗಳಂತೂ ಮಾಸನ್ನು ದಾಟಲಾರವು. ಎರಡೂ ದೊರೆಯುವುದು ಗಿಣ್ಣುಹಾಲಿನಲ್ಲಿ. ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಒಂದು ದಿನ ಕಳೆಯುವುದರೊಳಗೆ ಅದು ಮುಗಿದೇ ಹೋಗುತ್ತದೆ. ಅಷ್ಟರಲ್ಲಿ ಕರು ಹೊಟ್ಟೆತುಂಬ ಕುಡಿದು ಮಲಗಿತೆಂದರೆ, ಮಿಕ್ಕ ಗಿಣ್ಣು ಚೊಂಬಿನಲ್ಲಿ ಪಟ್ಟಣದ ಹಾದಿ ಹಿಡಿಯಬಹುದು.