ಶೀಟ್ ಚಾವಣಿಯ ಮನೆಗಳಲ್ಲಿ ಶಾಖ ತಡೆಗೆ ಕುರಿ ಉಣ್ಣೆಯ ಬಳಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ವಸತಿ ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರ ಹಾಗೂ ಈಗಾಗಲೇ ಕಲ್ನಾರು ಅಥವಾ ತಗಡಿನ ಶೀಟಿನಡಿ ವಾಸಿಸುತ್ತಿರುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ವೇಳೆ ಇಂತಹ ಮನೆಗಳಲ್ಲಿ ಹಸುಗೂಸುಗಳು, ಬಾಣಂತಿಯರು ಮತ್ತು ವೃದ್ಧರು ಇರುವುದೇ ದುಸ್ತರವಾಗುತ್ತದೆ. ಶೀಟು ತೆಳುವಾಗಿರುವುದರಿಂದ ಬಿಸಿಲಿನ ಶಾಖವು ನೇರವಾಗಿ ಕೆಳಗಿಳಿಯುತ್ತದೆ.

ಉಣ್ಣೆಯ ಎಳೆಗಳು ಗುಂಗುರಾಗಿರುವುದರಿಂದ ಅವುಗಳ ನಡುವೆ ಗಾಳಿಯು ನಿಶ್ಚಲವಾಗಿ ನಿಲ್ಲುತ್ತದೆ. ಈ ಗಾಳಿಯೇ ಶಾಖವನ್ನು ತಡೆಯುತ್ತದೆ. ಸಡಿಲವಾಗಿ ಹರಡಿದ ಉಣ್ಣೆಯ ಪದರವು ಅಷ್ಟೇ ದಪ್ಪದ ಕಾಂಕ್ರೀಟಿಗಿಂತ 30 ಪಟ್ಟಿಗೂ ಹೆಚ್ಚು ಶಾಖನಿರೋಧಕವಾಗಿರುತ್ತದೆ. ಕಂಬಳಿಯು ಚಳಿಯಲ್ಲಿ ಮೈ ಬೆಚ್ಚಗಿಡುವುದೂ ಇದೇ ಗುಣದಿಂದ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವಾಂಶವನ್ನು ಒದ್ದೆಯೆನಿಸದೆ ಹೀರಬಲ್ಲದು. ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಬೆಂಕಿಯ ಮೂಲವನ್ನು ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಹನಿಗಳ ಸದ್ದೂ ಕಡಿಮೆಯಾಗುತ್ತದೆ. ಮಂಗೋಲಿಯಾದ ಪಶುಪಾಲಕರು ತಮ್ಮ ಗುಡಾರಗಳಿಗೆ ಉಣ್ಣೆಯ ಹಾಸನ್ನೇ ಹೊದಿಸುತ್ತಾ ಬಂದಿದ್ದಾರೆ.

ಯಾವ ಉಣ್ಣೆ ಎಂಬುದು ಮುಖ್ಯ ಪ್ರಶ್ನೆ. ಮಂಡ್ಯ ಜಿಲ್ಲೆಯ ಹೆಸರಾಂತ ಬಂಡೂರು ಕುರಿಯು ಮಾಂಸಕ್ಕೆ ಪ್ರಸಿದ್ಧವಾದ ತಳಿ; ಅದರ ಮೈಮೇಲಿರುವುದು ಒರಟಾದ ಕೂದಲಿನಂತಹ ಹೊದಿಕೆ. ಆದುದರಿಂದ ಸ್ಥಳೀಯ ಮಂದೆಯಿಂದಲೇ ಉಣ್ಣೆ ದೊರೆಯುವುದೆಂದು ನಿರೀಕ್ಷಿಸುವುದು ಸರಿಯಲ್ಲ. ಚಿತ್ರದುರ್ಗ, ಬಳ್ಳಾರಿ ಮೊದಲಾದ ಕಡೆಗಳ ಡೆಕ್ಕನಿ ತಳಿಯ ಕಂಬಳಿ ಉಣ್ಣೆಯು ಇದಕ್ಕೆ ಹೊಂದುತ್ತದೆ. ಅದು ಒರಟಾಗಿದ್ದು ಬಟ್ಟೆಗೆ ಬೇಡಿಕೆ ಕಡಿಮೆಯಾದರೂ ಚಾವಣಿಗೆ ಒರಟುತನ ದೋಷವಲ್ಲ.

25 ಚದರ ಮೀಟರ್ ಮನೆಗೆ 50 ಮಿ.ಮೀ. ದಪ್ಪದ ಪದರ ಹಾಸಲು ಚದರ ಮೀಟರಿಗೆ 1 ಕೆ.ಜಿ.ಯಂತೆ ಸುಮಾರು 25 ಕೆ.ಜಿ. ತೊಳೆದ ಉಣ್ಣೆ ಬೇಕಾಗುತ್ತದೆ. ಒಂದು ಡೆಕ್ಕನಿ ಕುರಿಯಿಂದ ವರ್ಷಕ್ಕೆ 1 ಕೆ.ಜಿ.ಗಿಂತ ಕಡಿಮೆ ಉಣ್ಣೆ ದೊರೆಯುವುದರಿಂದ ಇದು ಮಂದೆಯೊಂದರ ಉತ್ಪನ್ನವೇ ಸರಿ. ಮುಂಚಿತವಾಗಿ ವಿಚಾರಿಸುವುದು ಒಳಿತು.

ಕತ್ತರಿಸಿದ ಉಣ್ಣೆಯನ್ನು ಹಾಗೆಯೇ ಹಾಸಬಾರದು. ಜಿಡ್ಡು ಮತ್ತು ಹಿಕ್ಕೆಯ ವಾಸನೆ ಬಿಸಿಲಿಗೆ ಮನೆಯೆಲ್ಲಾ ಹರಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದೊಂದಿಗೆ ಉಜ್ಜದೆ ತೊಳೆದು, ಮುಳ್ಳು ತೆಗೆದು, ಸಂಪೂರ್ಣ ಒಣಗಿಸಿ, ಬಿಡಿಸಬೇಕು. ನುಸಿಹುಳುವೇ ಇದರ ದೊಡ್ಡ ಶತ್ರು. ಬೇವಿನ ಎಲೆಯ ಪರಿಣಾಮ ಹೆಚ್ಚು ಕಾಲ ಇರುವುದಿಲ್ಲ. ಬೋರಾಕ್ಸ್ ದ್ರಾವಣದಲ್ಲಿ ಅದ್ದಿ ಒಣಗಿಸುವ ಕ್ರಮವಿದ್ದು, ಕೈಗವಸು ಧರಿಸುವುದು ಮತ್ತು ಮಕ್ಕಳನ್ನು ದೂರವಿಡುವುದು ಕಡ್ಡಾಯ. ಹಳೆಯ ಕಂಬಳಿ ಬಳಸುವುದಾದರೆ ಹುಣಸೆ ಬೀಜದ ಗಂಜಿ ಹೋಗುವಂತೆ ತೊಳೆಯುವುದು ಅವಶ್ಯ.

ಉಣ್ಣೆಯನ್ನು ಶೀಟಿನ ಕೆಳಗೆ, ಗಾಳಿಯಾಡಲು ಸ್ವಲ್ಪ ಅಂತರ ಬಿಟ್ಟು, ಬಿದಿರಿನ ಅಥವಾ ಹಲಗೆಯ ಒಳಮಾಳಿಗೆಯ ಮೇಲೆ ಹರಡತಕ್ಕದ್ದು. ಅದನ್ನು ಒತ್ತಿ ತುಂಬಿದರೆ ಒಳಗಿನ ಗಾಳಿ ಹೋಗಿ ಪ್ರಯೋಜನ ಕುಗ್ಗುತ್ತದೆ. ಇಲಿ ಗೂಡು ಕಟ್ಟದಂತೆ ಸಣ್ಣ ಕಣ್ಣಿನ ತಂತಿ ಬಲೆ ಅಳವಡಿಸುವುದು ಸೂಕ್ತ. ವಿದ್ಯುತ್ ತಂತಿ, ಬಲ್ಬು ಮತ್ತು ಸೌದೆ ಒಲೆಯ ಹೊಗೆ ಕೊಳವೆಯಿಂದ ದೂರವಿರಿಸತಕ್ಕದ್ದು. ಕಲ್ನಾರು ಶೀಟನ್ನು ಕೊರೆಯುವುದು ಅಥವಾ ಉಜ್ಜುವುದು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಒಳಮಾಳಿಗೆಯ ಚೌಕಟ್ಟನ್ನು ಗೋಡೆಗೇ ಕೂರಿಸಬೇಕು. ಸೋರುವ ಚಾವಣಿಯನ್ನು ಮೊದಲು ದುರಸ್ತಿಪಡಿಸಿಕೊಳ್ಳುವುದು. ನೆನೆದ ಉಣ್ಣೆ ಕೊಳೆಯುತ್ತದೆ.

ಮಣ್ಣಿನ ಗೋಡೆ, ಹೆಂಚಿನ ಚಾವಣಿ ಮತ್ತು ಅಟ್ಟವಿರುವ ಹಳೆಯ ಮನೆಗಳಿಗೆ ಇದರ ಅಗತ್ಯ ಕಡಿಮೆ. ಶೀಟಿನ ಹೊರಮೈಗೆ ಬಿಳಿ ಬಣ್ಣ ಬಳಿಯುವುದು ಅಗ್ಗವಾಗಿದ್ದು, ಅದನ್ನು ಮೊದಲು ಮಾಡುವುದು ಲೇಸು. ಕಿಟಕಿ ತೆರೆದು ರಾತ್ರಿಯ ತಂಪು ಗಾಳಿ ಬರಲು ಬಿಡದಿದ್ದಲ್ಲಿ ಹಗಲಿನ ಶಾಖ ಒಳಗೇ ಉಳಿಯುತ್ತದೆ.

ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯಡಿ ಬಯಲು ಪ್ರದೇಶಕ್ಕೆ ನಿಗದಿಯಾಗಿರುವ ಸಹಾಯಧನ ರೂ. 1.20 ಲಕ್ಷ. ಒಳಮಾಳಿಗೆಯಿಂದಾಗಿ ಒಟ್ಟು ವೆಚ್ಚವು ಇದನ್ನು ಮೀರಿದಲ್ಲಿ ಹೆಚ್ಚುವರಿ ಮೊತ್ತವನ್ನು ಫಲಾನುಭವಿಯೇ ಭರಿಸಬೇಕಾಗುತ್ತದೆ. ಆದ್ದರಿಂದ ಅಂದಾಜು ತಯಾರಿಸುವಾಗಲೇ ಇದನ್ನು ಗಮನಿಸಬೇಕು. ಉಣ್ಣೆಯ ಲಭ್ಯತೆ ಕುರಿತು ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದಲ್ಲಿ ಅಥವಾ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದಾಗಿದೆ.