ಹೊಂಡದ ನಕ್ಷೆ ಬಲ್ಲ ಮೀನು

ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ, ಗೋಕರ್ಣದ ಓಂ ಬೀಚಿನಲ್ಲಿ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ನಡುವೆ ಕಡಲು ಇಳಿದಾಗ ಬಂಡೆಯ ತಗ್ಗುಗಳಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ದಡದಿಂದ ನೋಡಿದವರಿಗೆ ಅದು ತಿಳಿಯಾದ, ನೆಮ್ಮದಿಯ ಜಾಗ. ಒಳಗಿರುವ ಜೀವಿಗಳ ಪಾಡೇ ಬೇರೆ. ಕಡಲಿಗೆ ತಿಂಗಳು ಹಿಡಿಯುವ ಏರುಪೇರನ್ನು ಅವು ಒಂದೇ ಮಧ್ಯಾಹ್ನದಲ್ಲಿ ಅನುಭವಿಸುತ್ತವೆ.

ಏಪ್ರಿಲ್ ಬಿಸಿಲಿಗೆ ನೀರು ಆವಿಯಾದಷ್ಟೂ ಉಪ್ಪು ಏರುತ್ತದೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಮೀನು, ಸೀಗಡಿ, ಏಡಿಗಳ ಜೊತೆ ಅದನ್ನು ಬಳಸತೊಡಗುತ್ತದೆ. ಬೆಳಗಿನ ಜಾವಕ್ಕೆ ಉಸಿರಿಗೇ ಕೊರತೆ. ಜೂನ್ ಬಂತೆಂದರೆ ಕರಾವಳಿಯ ಮಳೆ ಇಡೀ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಹಗುರವಾದ ಸಿಹಿನೀರು ಮೇಲೆ ನಿಂತು ಉಪ್ಪುನೀರು ತಳದಲ್ಲುಳಿಯುವ ಆಳದ ಹೊಂಡವಾದರೆ ಕೆಳಗಿಳಿದು ಬದುಕಬಹುದು. ಆಳವಿಲ್ಲದ ಕಡೆ ಬಾಗಿಲು ಮುಚ್ಚುವುದೇ ದಾರಿ. ಬಾರ್ನಕಲ್ ತನ್ನ ಸುಣ್ಣದ ಫಲಕಗಳನ್ನು ಬಿಗಿಯುತ್ತದೆ, ಪಚ್ಚಿಲೆ ಎರಡೂ ಚಿಪ್ಪುಗಳನ್ನು ಸೇರಿಸಿ ಒಳಗೆ ಒಂದಿಷ್ಟು ಕಡಲನ್ನು ಹಿಡಿದಿಟ್ಟುಕೊಳ್ಳುತ್ತದೆ.

ನನ್ನನ್ನು ಹೆಚ್ಚು ಸೆಳೆಯುವುದು ಜಾಗವನ್ನು ನೆನಪಿಡುವ ಜೀವಿಗಳು. ಟೋಪಿಯಂಥ ಚಿಪ್ಪಿನ ಲಿಂಪೆಟ್ ನೀರು ಬಂದಾಗ ಪಾಚಿ ಕೆರೆಯಲು ಹೊರಡುತ್ತದೆ. ಅನೇಕ ಜಾತಿಯ ಲಿಂಪೆಟ್‌ಗಳು ಇಳಿತಕ್ಕೆ ಮುಂಚೆ ತಮ್ಮ ಹಳೆಯ ಜಾಗಕ್ಕೇ ಮರಳುತ್ತವೆ. ಚಿಪ್ಪಿನ ಅಂಚು ಮತ್ತು ಬಂಡೆಯ ಮೈ ಅಲ್ಲಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬೇರೆಲ್ಲಿ ಕುಳಿತರೂ ಸಂದಿಯಿಂದ ತೇವ ಸೋರೀತು.

ಇನ್ನೂ ಅಚ್ಚರಿ ಗೋಬಿ ಮೀನಿನದು. ನಮ್ಮ ಬಂಡೆಹೊಂಡಗಳ ಗೋಬಿಗಳ ಹತ್ತಿರದ ಬಂಧುವೊಂದು ಅಟ್ಲಾಂಟಿಕ್ ತೀರದಲ್ಲಿದೆ. ಬೆದರಿಸಿದರೆ ಅದು ಹೊಂಡದಿಂದ ಚಿಮ್ಮಿ, ಕಣ್ಣಿಗೆ ಕಾಣದ ಪಕ್ಕದ ಹೊಂಡಕ್ಕೆ ನೇರವಾಗಿ ಬೀಳುತ್ತದೆ. ಗುರಿ ತಪ್ಪಿದರೆ ಒಣಬಂಡೆಯೇ ಗತಿ. ಇದು ಹೇಗೆಂದು ಅಮೆರಿಕದ ವಿಜ್ಞಾನಿ ಲೆಸ್ಟರ್ ಆರನ್ಸನ್ ಬೆನ್ನು ಹತ್ತಿದರು. ಅವರ ಮೊದಲ ವರದಿ ಬಂದದ್ದು 1951ರಲ್ಲಿ. ಕೃತಕ ಹೊಂಡಗಳನ್ನು ಕಟ್ಟಿ ನೋಡಿದಾಗ ಗುಟ್ಟು ಬಯಲಾಯಿತು. ಉಬ್ಬರದಲ್ಲಿ ಎಲ್ಲವೂ ಮುಳುಗಿದ್ದಾಗ ಮೀನು ಆ ಬಂಡೆಗಳ ಮೇಲೆ ಈಜಾಡಿ ತಗ್ಗುದಿಣ್ಣೆಗಳನ್ನು ಕಲಿತಿರುತ್ತದೆ. ಹಾಗೆ ಈಜುವ ಅವಕಾಶ ಸಿಗದ ಮೀನುಗಳು ಹೆಚ್ಚಾಗಿ ಗುರಿ ತಪ್ಪಿದವು. ಒಮ್ಮೆ ಕಲಿತವು ವಾರಗಳ ನಂತರವೂ ದಾರಿ ಮರೆಯಲಿಲ್ಲ. ಬೆರಳುದ್ದದ ಮೀನಿನ ತಲೆಯಲ್ಲಿ ಇಂಥ ನಕ್ಷೆ!

ಆದ್ದರಿಂದಲೇ ಮಕ್ಕಳೊಂದಿಗೆ ಹೊಂಡ ನೋಡಲು ಹೋದಾಗ ನನಗೆ ಕಲ್ಲುಗಳದೇ ಆತಂಕ. ಮಗುಚಿಟ್ಟ ಕಲ್ಲಿನಡಿ ಅಂಟಿದ್ದ ಮೊಟ್ಟೆ, ಸ್ಪಂಜುಗಳು ಬಿಸಿಲಿಗೆ ಒಣಗುತ್ತವೆ. ಮೇಲಿದ್ದ ಪಾಚಿ ಕತ್ತಲಲ್ಲಿ ಸಾಯುತ್ತದೆ. ಎತ್ತಿದ ಕಲ್ಲನ್ನು ಅದೇ ಜಾಗದಲ್ಲಿ, ಅದೇ ಮಗ್ಗುಲಿಗೆ ಮೆಲ್ಲಗೆ ಇಟ್ಟು ಬನ್ನಿ. ಲಿಂಪೆಟ್ಟನ್ನಂತೂ ಕೀಳಲೇಬೇಡಿ.